ಸೆಖೆಯ ವೀಳ್ಯ

ಬಹಳ ಹಿಂದೆ, ಬೆಟ್ಟಗಳಿಗೆ ಬಾಯಿದ್ದ ಕಾಲದಲ್ಲಿ, ಬೆಳ್ಳಿಹೊಳೆಯ ಬಯಲಲ್ಲಿ ಒಂದು ರಾಜ್ಯವಿತ್ತು. ಆಗ ನಾನು ಅಲ್ಲೇ ಇದ್ದೆ. ನಗುವವರು ಹೋಗಿ ಬೆಟ್ಟವನ್ನೇ ಕೇಳಿ.

ಅಲ್ಲಿನ ದೊರೆ ಚಂಡರಸನಿಗೆ ಹುಲಿಯ ಭಯವಿಲ್ಲ, ಸೆಖೆಯ ಭಯ. ಒಂದು ಬೇಸಿಗೆ ಶೀತಾಂಗನೆಂಬ ಮಾಯಾವಿ ಬಂದು, ದೊರೆ ಬೇಡಿಕೊಂಡಂತೆ ಅರಮನೆಯಂಗಳದಲ್ಲಿ ಬಿಳಿಯ ಕೊಡೆ ನೆಟ್ಟ. ಅದು ಬೆಳೆದು ಬೆಳೆದು ಇಡೀ ರಾಜ್ಯಕ್ಕೆ ನೆರಳಾಯಿತು. ನಡುಬೇಸಿಗೆಯಲ್ಲಿ ಜನ ಕಂಬಳಿ ಹೊದ್ದು ಆಹಾ ಎಂದರು.

ಮೃಗಶಿರೆ ಬಂತು, ಮಳೆ ಬರಲಿಲ್ಲ. ಆರಿದ್ರೆ ಬಂತು, ಮಳೆ ಬರಲಿಲ್ಲ. ಹೊಳೆ ಮೊಣಕಾಲಿಗಿಳಿಯಿತು.

"ಪುನರ್ವಸು ಹುಟ್ಟುವಷ್ಟರಲ್ಲಿ ಹೊಳೆ ಒಣಗಿದರೆ ಆ ನೆಲ ನನ್ನದು. ಅಂಬಿಗರು ಊರು ಬಿಡಲಿ," ಎಂದ ಶೀತಾಂಗ. ದೊರೆ ತಂಪಿನ ಮಂಪರಿನಲ್ಲಿ ಹೂಂ ಎಂದ.

ಹರಿಗೋಲು ನಡೆಸುವ ಕೆಂಚವ್ವ ಹೂಂ ಎನ್ನಲಿಲ್ಲ. ಮಳೆಯನ್ನು ಹುಡುಕಿ ಹೊರಟಳು.

ಮೊದಲು ಕಡಲು. ಏಳು ತಲೆಯ ಮೀನು ಅಡ್ಡ ಬಂತು. ಏಳೂ ಮೂತಿಗೆ ಹರಿಗೋಲಿನ ಹುಟ್ಟಿನಿಂದ ಒಂದೊಂದು ಏಟು ಕೊಟ್ಟಳು. ಕಡಲು ಹೇಳಿತು: "ನಾನು ಕೊಡ ತುಂಬಿಟ್ಟು ಕೂತಿದ್ದೀನಿ ಮಗಳೇ. ಹೊರೋ ಗಾಳಿ ಎದ್ದಿಲ್ಲ."

ಆಮೇಲೆ ಗಾಳಿ. ಊರಷ್ಟು ದೊಡ್ಡ ನೀಲಿ ಆನೆಯಾಗಿ ಮಲಗಿದ್ದ. ಕಿವಿಯೊಳಗೆ ನುಗ್ಗಿ ಕೂಗಿದಳು. "ಕರೆಯದ ಮನೆಗೆ ಊಟಕ್ಕೆ ಹೋಗ್ತಾರೇನೇ?" ಎಂದು ಮಗ್ಗುಲಾದ.

ಕೊನೆಗೆ ಪಡುವಣದ ಬೆಟ್ಟ. ಮೂರು ದಿನ ಹತ್ತಿಸಿ ಸತಾಯಿಸಿ ಆಮೇಲೆ ಬಾಯಿಬಿಟ್ಟಿತು: "ಗಾಳಿ ಬಂದರೆ ಹೆಗಲಿಗೇರಿಸ್ತೀನಿ. ಮೇಲೇರಿದಷ್ಟೂ ತಣ್ಣಗಾಗಿ ನೀರು ಸುರಿಸ್ತಾನೆ. ನನ್ನ ನೆತ್ತಿಗೆ ಹೆಚ್ಚು, ಆಚೆಯ ನಿನ್ನ ಬಯಲಿಗೆ ಉಳಿದಷ್ಟು. ಅದಕ್ಕೇ ನಿನ್ನ ಹೊಳೆ ನನ್ನ ಮಡಿಲಲ್ಲಿ ಹುಟ್ಟೋದು. ಆದ್ರೆ ಅವನನ್ನ ಕರೆಯೋರ್ಯಾರು?"

ಬರಿಗೈಲಿ ಮರಳಿದಳು. ಊರು ಬಿಡುವ ಮುನ್ನ ಹರಿಗೋಲಿನ ತಳಕ್ಕೆ ಬಳಿಯಲು ದಡದಲ್ಲಿ ಬೆಂಕಿ ಹಾಕಿ ರಾಳ ಕರಗಿಸಿದಳು, ಅಂಬಿಗರು ಪ್ರತಿ ಬೇಸಿಗೆ ಮಾಡುವಂತೆ. ಹೊಗೆ ನೆಟ್ಟಗೆ ಮೇಲೇರಿತು. ಸುತ್ತಲಿನ ಒಣಹುಲ್ಲಿನ ಎಸಳು, ಬೂದಿ, ಎಲ್ಲ ತೆವಳುತ್ತ ಬೆಂಕಿಯ ಕಡೆಗೇ ಬಂದವು.

ಕೆಂಚವ್ವ ರಾಳ ಅಲ್ಲೇ ಬಿಟ್ಟು ಅರಮನೆಗೆ ಓಡಿದಳು.

"ದೊರೆಗಳೇ, ನೆಲ ಕಾದರೆ ಬಿಸಿ ಮೇಲಕ್ಕೇಳುತ್ತೆ. ಆ ತೆರವಿಗೆ ಕಡಲ ಗಾಳಿ ನುಗ್ಗುತ್ತೆ. ಸೆಖೆಯೇ ಗಾಳಿಗೆ ಕೊಡೋ ವೀಳ್ಯ! ನಾವು ಕರೆಯೋದನ್ನೇ ನಿಲ್ಲಿಸಿದ್ದೀವಿ. ಕೊಡೆ ಮಡಚಿ!"

"ಬೆಂದುಹೋಗ್ತೀಯ, ಚಂಡರಸ!" ಎಂದು ಶೀತಾಂಗ ಚೀರಿದ. "ಕೊಡೆ ಬೇಡಿದವನೊಬ್ಬನೇ ಅದನ್ನು ಮಡಚಬಲ್ಲ. ನಿನಗೆಲ್ಲಿದೆ ಆ ಗುಂಡಿಗೆ?"

ದೊರೆ ದೂರದ ದಡದಲ್ಲಿ ಕಟ್ಟಿಟ್ಟಿದ್ದ ಅಂಬಿಗರ ಗಂಟುಮೂಟೆಗಳ ಕಡೆ ನೋಡಿದ. ಕಣ್ಣುಮುಚ್ಚಿ ಕೊಡೆಯನ್ನೆಳೆದು ಮಡಚಿದ.

ಬಿಸಿಲು ಬಿತ್ತು. ಶೀತಾಂಗ ಮಂಜಾಗಿ ಕರಗಿ ಚರಂಡಿ ಸೇರಿದ. ಮೂರು ದಿನ ನೆಲ ಹೆಂಚಾಯಿತು. ಸಿಂಹಾಸನದ ಕೆಳಗೆ ದೊರೆಯ ಬೆವರಿನ ಕೆರೆ. ನಾನೇ ಅದರಲ್ಲಿ ಈಜಿದ್ದೇನೆ.

ನಾಲ್ಕನೆಯ ದಿನ ಪಡುವಣ ಕಪ್ಪಾಯಿತು. ಸಾವಿರ ನೀಲಿ ಆನೆಗಳು ಬೆಟ್ಟ ಹತ್ತುತ್ತಿದ್ದವು. ಒಂದೊಂದರ ಬೆನ್ನಿನ ಮೇಲೂ ಒಂದೊಂದು ಕಡಲು. ಬೆಟ್ಟ ಎಲ್ಲರನ್ನೂ ಹೆಗಲಿಗೇರಿಸಿತು. ಹೊಳೆ ಗದರುತ್ತ ಬಂದು, ದಡದಲ್ಲಿದ್ದ ಹರಿಗೋಲನ್ನು ತಾನೇ ಎತ್ತಿಕೊಂಡಿತು.

ಅಂಬಿಗರು ಗಂಟು ಬಿಚ್ಚಿದರು, ಸುಖವಾಗಿ ಬಾಳಿದರು. ಇಂದಿಗೂ ಆ ನಾಡಿನಲ್ಲಿ ಮೊದಲ ಬೆವರಿಳಿದ ದಿನ ಹೊಸ್ತಿಲಾಚೆ ಪಡುವಣಕ್ಕೆ ತುದಿ ಮಾಡಿ ವೀಳ್ಯದೆಲೆ ಇಡುತ್ತಾರೆ. ದೊರೆಯಂತೂ ಯಾರಾದರೂ ಬೀಸಣಿಗೆ ಹಿಡಿದು ಬಂದರೆ ಗದರುತ್ತಿದ್ದ: "ಸುಮ್ನಿರ್ರೋ, ನೆಂಟರು ಬರೋ ಹೊತ್ತು!"