ನೊರೆ ತೊಳೆಯುವ ಮುನ್ನ ಐದು ನಿಮಿಷ

ಒಂಟಿಗಣ್ಣ ನನ್ನ ಮೇಜಿನ ಹತ್ತಿರ ಬಂದು ಬಗ್ಗಿದಾಗಲೆಲ್ಲ ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅವನಿಗೆ ಆ ಹೆಸರಿಟ್ಟವಳು ನಾನೇ. ಗಡಿಯಾರ ರಿಪೇರಿಯ ಭೂತಗನ್ನಡಿ ಸದಾ ಅವನ ಬಲಗಣ್ಣಿಗೆ ಅಂಟಿಕೊಂಡಿರುತ್ತಿತ್ತು. ಲೋಕಕ್ಕೆ ಕಾಣುತ್ತಿದ್ದದ್ದು ಎಡಗಣ್ಣು ಮಾತ್ರ, ಅದೋ ಸುಮ್ಮಸುಮ್ಮನೆ ನಗುವ ಕಣ್ಣು.

ಅಂಗಡಿಯ ಒಳಕೋಣೆಯಲ್ಲಿ ನಮ್ಮಿಬ್ಬರ ಮೇಜು ಅಕ್ಕಪಕ್ಕ. ನಾನು ಕಿವಿ ಮುಚ್ಚುವಂತೆ ಟೋಪಿ ಹಾಕಿ ಕೂರುತ್ತಿದ್ದೆ. ಯಜಮಾನರು ಅದನ್ನು ಶಿಸ್ತು ಎಂದು ಮೆಚ್ಚಿಕೊಂಡಿದ್ದರು. ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ಟೋಪಿಯ ಕೆಳಗಿದ್ದದ್ದು ತಲೆಹೊಟ್ಟು. ನಿಂಬೆ ಹಚ್ಚಿದ್ದಾಯಿತು, ಎಣ್ಣೆ ಹಚ್ಚಿದ್ದಾಯಿತು, "ನೆಟ್ಟಗೆ ತಲೆ ತೊಳ್ಕೊಳೋಕೂ ಬರಲ್ವಾ" ಅಂತ ಅಕ್ಕನ ಹತ್ತಿರ ಬೈಸಿಕೊಂಡದ್ದೂ ಆಯಿತು. ಕೊನೆಗೆ ಚರ್ಮದ ಡಾಕ್ಟರ್ ಒಂದು ಔಷಧಿ ಶಾಂಪೂ ಬರೆದುಕೊಟ್ಟಿದ್ದರು. ಅದೂ ಅರ್ಧ ಬಾಟಲಿ ಖಾಲಿಯಾಗಿತ್ತು, ಹೊಟ್ಟು ಮಾತ್ರ ಜಾಗ ಬಿಟ್ಟು ಕದಲಿರಲಿಲ್ಲ.

ಒಂದು ಮಧ್ಯಾಹ್ನ, ನಾನು ಮುಗಿಸಿಟ್ಟ ಕೈಗಡಿಯಾರವನ್ನು ಅವನು ಬೆಳಕಿಗೆ ಹಿಡಿದ. ಕಪ್ಪು ಡಯಲ್ಲಿನ ಮೇಲೆ, ಗಾಜಿನ ಒಳಗೆ, ಒಂದು ಬಿಳಿ ಚೂರು. ನಾನು ಟೋಪಿಯನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ.

ಅವನು ಗಾಜು ಬಿಚ್ಚಿ, ರಬ್ಬರ್ ಬುರುಡೆಯಿಂದ ಗಾಳಿ ಊದಿ, ಮತ್ತೆ ಮುಚ್ಚಿದ. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಸುಮ್ಮನಿರಲು ಬಂದರೆ ತಾನೆ?

"ಅದು ಧೂಳಲ್ಲ. ನನ್ನ ತಲೆಯಿಂದ ಬಿದ್ದಿದ್ದು" ಎಂದೆ.

"ಗೊತ್ತಾಯ್ತು."

"ಅದಕ್ಕೇ ನೀವು ಹತ್ತಿರ ಬಂದ್ರೆ ದೂರ ಹೋಗ್ತಿದ್ದೆ."

ಅವನು ಭೂತಗನ್ನಡಿ ತೆಗೆದು ಎರಡೂ ಕಣ್ಣಿನಿಂದ ನನ್ನನ್ನು ನೋಡಿದ. "ಅಷ್ಟೇನಾ? ನಾನು ನನ್ನ ಬಾಯಿ ವಾಸನೆ ಅಂದ್ಕೊಂಡಿದ್ದೆ. ಎರಡು ತಿಂಗಳಿಂದ ಪುದೀನ ಮಾತ್ರೆ ಚೀಪಿ ಚೀಪಿ ನಾಲಗೆ ಸತ್ತು ಹೋಗಿದೆ."

ನಗು ತಡೆಯಲಾಗಲಿಲ್ಲ. ಅಳುವೂ ಅದರ ಹಿಂದೆಯೇ ಬಂತು. ಅವನು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದ, ಯಜಮಾನರಿಗೆ ಕಾಣದಿರಲಿ ಅಂತ. ಆ ಬಾಗಿಲಿಗಾಗಿ ನಾನು ಅವನಿಗೆ ಇವತ್ತಿಗೂ ಋಣಿ.

"ನನಗೂ ಇತ್ತು" ಎಂದ. "ಕೊಳೆಯಿಂದ ಬರೋದಲ್ಲ ಅದು. ನೆತ್ತಿ ಮೇಲೆ ಒಂಥರಾ ಫಂಗಸ್ ಇರತ್ತೆ, ಕೆಲವರ ಚರ್ಮಕ್ಕೆ ಒಗ್ಗಲ್ಲ. ಡಾಕ್ಟರ್ ಏನು ಕೊಟ್ರು?"

ಹೆಸರು ಹೇಳಿದೆ. ಅವನೂ ಹಾಕಿದ್ದು ಅದನ್ನೇ ಅಂತೆ.

"ಎಷ್ಟು ಹೊತ್ತು ಬಿಡ್ತೀರಿ?"

"ಬಿಡೋದಾ? ಹಚ್ತೀನಿ, ತೊಳೀತೀನಿ. ಐದು ನಿಮಿಷ ಇರಲಿ ಅಂತೇನೋ ಅಂದಿದ್ರು. ಕಣ್ಣು ಮುಚ್ಚಿ, ಸಿಂಕಿಗೆ ತಲೆ ಕೊಟ್ಟು ಪೆದ್ದಿ ಥರ ಯಾರು ನಿಲ್ತಾರೆ?"

"ಚೆನ್ನಾಗಿದೆ. ಊರವರ ಗಡಿಯಾರ ಒಂದು ನಿಮಿಷ ಹಿಂದೆ ಹೋದ್ರೆ ನಿಮಗೆ ನಿದ್ದೆ ಬರಲ್ಲ. ನಿಮ್ಮ ತಲೆಗೆ ಐದು ನಿಮಿಷ ಇಲ್ಲ." ಅವನು ಸ್ವಲ್ಪ ಯೋಚಿಸಿ, "ಯಾವತ್ತು ಹಾಕ್ತೀರಿ?" ಎಂದ.

"ಬುಧವಾರ, ಭಾನುವಾರ. ಬೆಳಿಗ್ಗೆ."

"ನೊರೆ ಹಚ್ಚಿದ ಮೇಲೆ ಫೋನ್ ಮಾಡಿ. ನಾನು ಮಾತು ನಿಲ್ಲಿಸೋವರೆಗೂ ನೀರು ಮುಟ್ಟೋ ಹಾಗಿಲ್ಲ."

ಹಾಗೆ ಶುರುವಾಯಿತು. ಭುಜದ ಮೇಲೆ ಟವೆಲ್ಲು, ತಲೆಯ ಮೇಲೆ ನೊರೆ, ಸೋಪಿನ ಪಕ್ಕದಲ್ಲಿ ಸ್ಪೀಕರ್ ಹಾಕಿಟ್ಟ ಫೋನು. ಕಣ್ಣು ಮುಚ್ಚಿದ ಕತ್ತಲಲ್ಲಿ ಅವನ ದನಿ ಕಿವಿಗೆ ಇನ್ನೂ ಹತ್ತಿರವಾಗುತ್ತಿತ್ತು. ಅವನ ಕಿಟಕಿಯ ಮೇಲೆ ಗೂಡು ಕಟ್ಟಲು ಬಾರದ ಪಾರಿವಾಳದ ಕಥೆ. ಮಗ ತಡವಾಗಿ ಏಳದಿರಲಿ ಅಂತ ಮನೆಯ ಗಡಿಯಾರವನ್ನೆಲ್ಲ ಮುಂದೆ ತಿರುಗಿಸಿಡುವ ಅವನ ಅಮ್ಮನ ಕಥೆ.

"ಅದನ್ನ ನಂಬ್ತೀರಾ ನೀವು?"

"ನಂಬಿದ ಹಾಗೆ ಮಾಡ್ತೀನಿ. ಅವಳಿಗೆ ಖುಷಿ."

ಅಕ್ಕ ಬಾಗಿಲು ಬಡಿಯುತ್ತಿದ್ದಳು. "ಒಳಗೆ ಯಾರ ಹತ್ರ ಮಾತಾಡ್ತಿದ್ದೀಯೆ?"

"ಶಾಂಪೂ ಹತ್ರ."

"ಅದೇನು ಗಂಡಸಿನ ದನೀಲಿ ಮಾತಾಡತ್ತೆ?"

ಅವನು ಆ ಕಡೆ ನಗುವುದು ಕೇಳಿ ನನ್ನ ಕಿವಿ ಬಿಸಿಯಾಗುತ್ತಿತ್ತು. ಬಾಗಿಲು ಹಾಕಿದ್ದದ್ದು ಒಳ್ಳೆಯದಾಯಿತು.

ತಿಂಗಳೊಪ್ಪತ್ತಿನಲ್ಲಿ ತುರಿಕೆ ಹೋಯಿತು. ಬಾಚಣಿಗೆ ಸ್ವಚ್ಛವಾಗಿ ಬರತೊಡಗಿತು. ಕಪ್ಪು ಸ್ವೆಟರ್ ಹಾಕಿ ಕನ್ನಡಿಯೆದುರು ಹಿಂದೆ ಮುಂದೆ ತಿರುಗಿ ನೋಡಿಕೊಂಡೆ. ನನ್ನ ಭುಜ ನನಗೇ ಚಂದ ಕಂಡಿತು.

ಡಾಕ್ಟರ್ ನೆತ್ತಿ ನೋಡಿ ತಲೆದೂಗಿದರು. "ಇನ್ನು ಮೇಲೆ ಎರಡು ವಾರಕ್ಕೊಂದ್ಸಲ ಹಾಕಿದ್ರೆ ಸಾಕಮ್ಮ. ಮರುಕಳಿಸದೆ ಇರಲಿ ಅಂತ ಅಷ್ಟೇ."

ಹಿಗ್ಗಬೇಕಾಗಿತ್ತು. ಹಿಗ್ಗಿದೆ ಕೂಡ, ಆಸ್ಪತ್ರೆಯ ಮೆಟ್ಟಿಲು ಇಳಿಯುವವರೆಗೆ. ಆಮೇಲೆ ಬುಧವಾರದ ಫೋನು ನೆನಪಾಯಿತು. ಮನೆಗೆ ಹೋಗುವ ದಾರಿಯಲ್ಲಿ, ಬೇಕಂತಲೇ ನೆತ್ತಿ ಮತ್ತೆ ಕೆಡಿಸಿಕೊಳ್ಳುವುದು ಹೇಗೆ ಎಂದು ಯೋಚಿಸಿದೆ. ಅಷ್ಟು ಕೆಟ್ಟಿತ್ತು ನನ್ನ ಪರಿಸ್ಥಿತಿ.

ಅವನಿಗೆ ಹೇಳಿದಾಗ "ಒಳ್ಳೇದಾಯ್ತಲ್ಲ" ಎಂದ. ತಕ್ಷಣ ಭೂತಗನ್ನಡಿ ಏರಿಸಿ ಕೆಲಸದ ಮೇಲೆ ಬಗ್ಗಿದ. ಅವನ ಮುಂದಿನ ತಟ್ಟೆಯಲ್ಲಿ ಗಡಿಯಾರವೇ ಇರಲಿಲ್ಲ.

ಬುಧವಾರ ಬೆಳಿಗ್ಗೆ ಸಿಂಕಿನ ಮುಂದೆ ಹೋಗಿ ನಿಂತೆ. ಕೂದಲು ಒಣಗಿತ್ತು, ಕಣ್ಣು ತೆರೆದಿತ್ತು. ನೊರೆಯಿಲ್ಲದೆ ಅವನಿಗೆ ಫೋನ್ ಮಾಡಲು ನನಗೆ ಯಾವ ಹಕ್ಕೂ ಇರಲಿಲ್ಲ. ಮಾಡದಿದ್ದರೆ ನಾವಿಬ್ಬರೂ ಮತ್ತೆ ಅಕ್ಕಪಕ್ಕದ ಮೇಜಿನವರು, ಅಷ್ಟೇ. ಒತ್ತಿಬಿಟ್ಟೆ.

ಒಂದೇ ರಿಂಗಿಗೆ ಎತ್ತಿದ. "ಇವತ್ತು ಶಾಂಪೂ ಇಲ್ವಲ್ಲ."

"ಇಲ್ಲ."

"ಮತ್ತೆ?"

"ಥ್ಯಾಂಕ್ಸ್ ಹೇಳೋಣ ಅಂತ ಇದ್ದೆ. ತುಂಬಾ ಹೇಳೋದಿದೆ. ನೀವು ನಗಲಿಲ್ಲ, ಯಾರಿಗೂ ಹೇಳಲಿಲ್ಲ, ನನ್ನನ್ನ ಕೊಳಕು ಅಂದ್ಕೊಳ್ಳಲಿಲ್ಲ. ಆದ್ರೆ ಥ್ಯಾಂಕ್ಸ್ ಅಂದುಬಿಟ್ರೆ ಮುಗಿದೇ ಹೋಗತ್ತಲ್ಲ ಅಂತ ಭಯ. ನನಗೆ ಇದು ಮುಗಿಯೋದು ಬೇಡ."

ನಾನು ಸುಮ್ಮಸುಮ್ಮನೆ ನಲ್ಲಿ ಬಿಟ್ಟು, ಮತ್ತೆ ನಿಲ್ಲಿಸಿದೆ.

"ಇದೀರಾ?" ಎಂದೆ.

"ಇದೀನಿ. ಆಗ್ಲಿಂದ ಫೋನ್ ಕೈಯಲ್ಲಿ ಹಿಡ್ಕೊಂಡೇ ಕೂತಿದೀನಿ. ನಾನಾಗಿ ಮಾಡೋಕೆ ಏನು ನೆಪ ಹೇಳಲಿ ಅಂತ."

"ಸಿಕ್ತಾ?"

"ಇಲ್ಲ."

"ನನಗೂ ಸಿಗಲಿಲ್ಲ" ಎಂದೆ. "ಹಾಗೇ ಮಾಡಿದೆ."

ಆ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ್ದು ಯಜಮಾನರೇ. ಗಡಿಯಾರದ ಅಂಗಡಿಯ ಇಬ್ಬರು ಕೆಲಸದವರೂ ಅವತ್ತು ತಡವಾಗಿ ಬಂದರು.