ಕಳಿಸದೆ ಇಟ್ಟುಕೊಂಡ ಫೋಟೋ

"ನನ್ನ ಫೋಟೋದ್ದು ಏನಾತ್ರೀ ಮುಕುಂದರಾವ್?"

ಜಯದೇವಿ ಹೀಗೆ ಕೇಳಿದ್ದು ಒಂದು ಶನಿವಾರ ಮಧ್ಯಾಹ್ನ, ಕೋಟೆ ಹತ್ತಿರದ ಇಮಾಮುದ್ದೀನನ ಸೈಬರ್ ಕೆಫೆಯಲ್ಲಿ. ಕಣ್ಣು ಕಂಪ್ಯೂಟರಿನ ಮೇಲೇ ಇತ್ತು, ಬೆರಳು ಟೈಪ್ ಮಾಡುತ್ತಲೇ ಇದ್ದವು. ಕಿವಿ ಮಾತ್ರ ಪಕ್ಕದ ಕುರ್ಚಿಯ ಕಡೆಗಿತ್ತು.

"ಅದಾ? ಅದು ರಿಜೆಕ್ಟ್ ಆತ್ರೀ ಟೀಚರ್" ಎಂದ ಮುಕುಂದ.

"ಯಾಕಂತ?"

"ಮಾರಾಟ ಆಗೋ ಹಂಗಿಲ್ಲಂತ ಬರದಾರ."

ಟೈಪ್ ಮಾಡುತ್ತಿದ್ದ ಬೆರಳು ಆಗ ನಿಂತವು. ಮುಂದೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, "ಹೌದಾ" ಎಂದಳು. ಕೈಯನ್ನು ಮತ್ತೆ ಕೀಬೋರ್ಡಿಗೆ ತಂದು, "ಮುಂದಿಂದು ತೆಗೀರಿ" ಎಂದಳು. ಅವನು ಮುಂದಿನ ಫೋಟೋ ತೆರೆದ. ಜೋಳದ ಹೊಲ. ಅವಳು ಅದಕ್ಕೆ ಇಂಗ್ಲಿಷ್ ಪದಗಳನ್ನು ಬರೆಯತೊಡಗಿದಳು.

ಅವನು ಹೇಳಿದ್ದು ಸುಳ್ಳು. ಹೇಳಿದವನಿಗೆ ಅದು ಎಷ್ಟು ದೊಡ್ಡ ಸುಳ್ಳು ಎಂದು ಗೊತ್ತಿರಲಿಲ್ಲ, ಅಷ್ಟೇ.

ಮುಕುಂದ ಜೇವರ್ಗಿ ಕಾಲೋನಿಯ ಬ್ರಾಹ್ಮಣ ಆಚಾರ್ಯರ ಮನೆಯವನು, ವಯಸ್ಸು ಮೂವತ್ತಾರು. ಮದುವೆ ಫೋಟೋ ತೆಗೆದು ತೆಗೆದು ಸಾಕಾಗಿ, ನಾಲ್ಕು ವರ್ಷದಿಂದ ಫೋಟೋಗಳನ್ನು ಇಂಟರ್ನೆಟ್ಟಿನಲ್ಲಿ ಪರದೇಶದ ಏಜೆನ್ಸಿಗಳ ಮೂಲಕ ಮಾರುತ್ತಿದ್ದ. ಇವನು ಕಳಿಸಬೇಕು, ಅವರು ನೋಡಿ ಪಾಸು ಮಾಡಬೇಕು, ಯಾವುದೋ ದೇಶದ ಯಾವುದೋ ಕಂಪನಿಗೆ ಬೇಕೆನಿಸಿದರೆ ಕೊಳ್ಳಬೇಕು. ಮೊದಮೊದಲು ಎರಡೇ ಏಜೆನ್ಸಿ ಇದ್ದವು, ದರವೂ ಪರವಾಗಿಲ್ಲ ಅನ್ನುವಂತಿತ್ತು. ಈಗ ೨೦೦೮ರ ಹೊತ್ತಿಗೆ ಹತ್ತಾಗಿದ್ದವು. ಒಬ್ಬ ಬೆಲೆ ಇಳಿಸಿದರೆ ಇನ್ನೊಬ್ಬ ಅದಕ್ಕಿಂತ ಇಳಿಸುವುದು, ಮತ್ತೊಬ್ಬ ತಿಂಗಳ ಚಂದಾ ಕಟ್ಟಿದವರಿಗೆ ರಾಶಿಗಟ್ಟಲೆ ಫೋಟೋ ಸುರಿಯುವುದು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಇಲ್ಲಿ ಬಡವಾದ ಕೂಸು ಮುಕುಂದ. ಮೊದಲು ಒಂದು ಫೋಟೋ ತಂದುಕೊಡುತ್ತಿದ್ದುದನ್ನು ಈಗ ಹತ್ತು ತಂದುಕೊಡುತ್ತಿರಲಿಲ್ಲ. ಬೆಳಗ್ಗೆ ಏಳುವಾಗಲೇ ಅವನಿಗೆ ದಣಿವಾಗಿರುತ್ತಿತ್ತು.

ರಿಜೆಕ್ಟ್ ಅನ್ನುವುದು ಅವನಿಗೆ ದಿನಾ ಕಾಣುವ ಮಾತು. ವಾರಕ್ಕೆ ಐವತ್ತು ಕಳಿಸಿದರೆ ಮೂವತ್ತು ವಾಪಸ್. ಬೆಳಕು ಸರಿಯಿಲ್ಲ, ಇಂಥವು ಬಹಳ ಇವೆ, ಮಾರಾಟ ಆಗುವಂತಿಲ್ಲ. ಚರ್ಮ ಎಮ್ಮೆಯದಾಗಿತ್ತು. ಹಾಗಾಗಿ ಸುಳ್ಳು ಬೇಕಾದಾಗ ಕೈಗೆ ಸಿಕ್ಕ ಮಾತನ್ನೇ ಎತ್ತಿಕೊಟ್ಟ.

ಜಯದೇವಿ ಕಮಲಾಪುರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಬಸ್ಸು ಹತ್ತಿ ಬರುತ್ತಿದ್ದಳು. ಪ್ರತಿ ಫೋಟೋದ ಜೊತೆಗೂ ನಲವತ್ತು ಐವತ್ತು ಇಂಗ್ಲಿಷ್ ಪದ ಕೊಡಬೇಕು, ಇಲ್ಲದಿದ್ದರೆ ಹುಡುಕುವವರಿಗೆ ಅದು ಸಿಗುವುದಿಲ್ಲ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡಿ ಬೆಳೆದ ಮುಕುಂದನಿಗೆ ಹತ್ತು ಪದ ಬರೆಯುವಷ್ಟರಲ್ಲಿ ಬೆವರು ಕಿತ್ತು ಬರುತ್ತಿತ್ತು. ಅವಳು ಬಂದಳು, ಪದಗಳು ಬಂದವು. ಎರಡು ವರ್ಷದಿಂದ ಶನಿವಾರ ಅಂದರೆ ಅವಳ ವಾರ.

"ಇದು ಬರೇ ಎತ್ತಲ್ರೀ, ದಣದ ಎತ್ತು" ಎನ್ನುತ್ತಿದ್ದಳು. "ದಣಿವಿಗೂ ಒಂದು ಪದ ಹಾಕಬೇಕು."

"ನಂದೂ ಒಂದು ಫೋಟೋ ತೆಗದು ಅದೇ ಪದ ಹಾಕ್ರಿ" ಎನ್ನುತ್ತಿದ್ದ ಅವನು.

ಅವಳು ನಗು ತಡೆಯಲು ಕೆಳತುಟಿ ಕಚ್ಚುತ್ತಿದ್ದಳು. ಆಗ ಗಲ್ಲದ ಮೇಲೊಂದು ಸಣ್ಣ ಗುಳಿ ಬೀಳುತ್ತಿತ್ತು. ಅದನ್ನು ನೋಡಲೆಂದೇ ಅವನು ವಾರಪೂರ್ತಿ ಇಂಥ ಮಾತುಗಳನ್ನು ಕೂಡಿಟ್ಟುಕೊಳ್ಳುತ್ತಿದ್ದ.

ಆ ಫೋಟೋ ತೆಗೆದದ್ದು ಕಮಲಾಪುರದಲ್ಲಿ, ಅವಳ ಕಾಕಾನ ಕೆಂಬಾಳೆ ತೋಟದಲ್ಲಿ. ಇವನು ಬಾಳೆಗೊನೆಯ ಚಿತ್ರ ತೆಗೆಯಲು ಹೋಗಿದ್ದ. ಮೂರು ಹಣ್ಣು ಚೆಂದಾಗಿ ಜೋಡಿಸಿಟ್ಟು ಕ್ಯಾಮೆರಾ ಎತ್ತುವಷ್ಟರಲ್ಲಿ ಅವಳು ಒಂದನ್ನು ಸುಲಿದು ಬಾಯಿಗಿಟ್ಟುಕೊಂಡಿದ್ದಳು. "ಟೀಚರ್, ಅದು ಮಾಡೆಲ್ ಅದ, ತಿನ್ನಬ್ಯಾಡ್ರಿ!" ಎಂದು ಇವನು ಕೂಗಿದ. ಅವಳು ತುಂಬಿದ ಬಾಯಲ್ಲೇ ನಕ್ಕಳು. ಬಾಯಿ ಮುಚ್ಚಿಕೊಳ್ಳಲು ಕೈ ಮೇಲೇಳುತ್ತಿತ್ತು, ಇನ್ನೂ ಮುಚ್ಚಿರಲಿಲ್ಲ. ಅವನು ಬಟನ್ ಒತ್ತಿದ.

ಮುಖ ಕಾಣುವ ಫೋಟೋ ಮಾರಬೇಕಾದರೆ ಆ ಮನುಷ್ಯರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ಅವಳು ಇಡೀ ಕಾಗದ ಎರಡು ಸಲ ಓದಿ ಸಹಿ ಹಾಕಿದಳು, ಇಮಾಮುದ್ದೀನ್ ಸಾಕ್ಷಿ ಹಾಕಿದ. ಅದೇ ತಿಂಗಳು ಒಂದು ಹೊಸ ಏಜೆನ್ಸಿ ಇಂಡಿಯಾದ ಮುಖಗಳು ಬೇಕು, ಹೆಚ್ಚು ಕೊಡುತ್ತೇವೆ ಎಂದು ಡಂಗುರ ಹೊಡೆಯುತ್ತಿತ್ತು. ಮುಕುಂದ ಮೂರು ಸಲ ಆ ಫೋಟೋ ಕಳಿಸಲು ಕೂತ. ಮೂರು ಸಲವೂ ಕೈ ಏಳಲಿಲ್ಲ.

ಸುಳ್ಳು ಹೇಳಿದ ಮರುವಾರ ಜಯದೇವಿ ಬರಲಿಲ್ಲ. ಅದರ ಮರುವಾರವೂ ಇಲ್ಲ. ಫೋನ್ ಮಾಡಿದರೆ, ಪರೀಕ್ಷೆ ಇದೆ ಎಂದು ಇಟ್ಟುಬಿಟ್ಟಳು. ಮುಕುಂದ ತಾನೇ ಪದ ಬರೆಯಲು ಕುಳಿತು ಒಂದು ರೊಟ್ಟಿಯ ಚಿತ್ರಕ್ಕೆ ಆರು ಪದ ಬರೆದು, ಏಳನೆಯದು ಸಿಗದೆ ಕಂಪ್ಯೂಟರ್ ಬಂದ್ ಮಾಡಿದ. ರೊಟ್ಟಿಯ ಬಗ್ಗೆ ಹೇಳಲು ಅವನಿಗೆ ಬೇಕಾದಷ್ಟಿತ್ತು. ಕೇಳುವವಳು ಇರಲಿಲ್ಲ.

ಮೂರನೇ ಶನಿವಾರ ಬೆಳಗ್ಗೆ ಇಮಾಮುದ್ದೀನ್ ಚಹಾದ ಕಪ್ಪು ತಂದು ಮುಂದಿಟ್ಟ.

"ಭಾಯ್, ನಿನ್ನೆ ಟೀಚರ್ ಫೋನ್ ಮಾಡಿದ್ರು. ನಿನಗಲ್ಲ, ನನಗ. ಈ ಕೆಲಸಕ್ಕ ಬ್ಯಾರೆ ಯಾರನ್ನರ ನೋಡ್ಕೋ ಅಂತ ಹೇಳಾಕ ಹೇಳ್ಯಾರ."

"ಯಾಕಂತ?"

"ಹುಮನಾಬಾದದ ಸಂಬಂಧ ಒಪ್ಪ್ಯಾರಂತ. ಹೆಂಡ್ತಿ ತೀರ್ಕೊಂಡಾಂವ ಒಬ್ಬ, ಬಟ್ಟಿ ಅಂಗಡಿ ಅದ. ನಾಳಿಗೆ ಮಾತು ಮುಗಿಸಾಕ ಬರ್ತಾರ." ಇಮಾಮುದ್ದೀನ್ ತಲೆ ತುರಿಸಿಕೊಂಡ. "ಹುಡುಗನ್ನ ನೋಡೀರೇನು ಅಂದೆ. ನೋಡಿಲ್ಲಂತ. ಅವ್ರಿಗೆ ಫೋಟೋನೂ ಕಳಿಸಿಲ್ಲಂತ. 'ನನ್ನ ಮುಖ ಯಾರಿಗೂ ಬ್ಯಾಡಾಗ್ಯದ, ಇಮಾಮಣ್ಣ, ಪರದೇಶದವ್ರೂ ಅದನ್ನೇ ಹೇಳ್ಯಾರ' ಅಂದ್ರು. ಕ್ಯಾ ಭಾಯ್, ಆ ಫೋಟೋ ನೀ ಕಳಿಸೇ ಇಲ್ಲಲ್ಲ?"

ಚಹಾ ಹಾಗೇ ಉಳಿಯಿತು. ಮುಕುಂದ ಬಸ್ ಸ್ಟ್ಯಾಂಡಿಗೆ ಓಡಿದ.

ಕಮಲಾಪುರದಲ್ಲಿ ಇಳಿದಾಗ ಶಾಲೆ ಆಗಷ್ಟೇ ಬಿಟ್ಟಿತ್ತು. ಅವಳು ಕೊಡೆ ಹಿಡಿದು ತೋಟದ ದಾರಿಯಲ್ಲಿ ನಡೆದುಹೋಗುತ್ತಿದ್ದಳು. ಕರೆದಾಗ ತಿರುಗಿದಳು. ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನನ್ನು ಕಂಡು ಒಂದು ಕ್ಷಣ ಮುಖ ಅರಳಿತು. ಆಮೇಲೆ ಅದನ್ನು ಅವಳೇ ಬಿಗಿ ಮಾಡಿಕೊಂಡಳು. ಆ ಒಂದು ಕ್ಷಣವನ್ನು ಮುಕುಂದ ಬಿಡಲಿಲ್ಲ, ನೋಡಿಬಿಟ್ಟ.

"ಟೀಚರ್, ಆ ಫೋಟೋ ನಾ ಕಳಿಸೇ ಇಲ್ಲ."

"ಏನು?"

"ಯಾರಿಗೂ ಕಳಿಸಿಲ್ಲ. ಯಾರೂ ಬ್ಯಾಡ ಅಂದಿಲ್ಲ. ನಾ ಸುಳ್ಳು ಹೇಳ್ದೆ."

ಅವಳು ಕೊಡೆ ಮಡಚಿದಳು. ಬಿಸಿಲು ನೆತ್ತಿ ಸುಡುತ್ತಿತ್ತು, ಅದರ ಪರಿವೆ ಇದ್ದಂತೆ ಕಾಣಲಿಲ್ಲ.

"ಯಾಕ?"

"ಒಮ್ಮಿ ಹೋತಂದ್ರ ಯಾವ ದೇಶದಾಗ ಯಾವ ಡಬ್ಬಿ ಮ್ಯಾಲ ಕುಂಡ್ರತದೋ ಗೊತ್ತಾಗಂಗಿಲ್ರೀ. ತಲೀನೋವಿನ ಗುಳಿಗಿಗೋ, ಸಾಬೂನಿಗೋ. ನಿಮ್ಮ ಆ ನಗಿ ಯಾರೋ ಗುರ್ತಿಲ್ಲದವ್ರ ಕೈಗೆ ಕೊಡಾಕ ನನಗ ಮನಸ್ಸಾಗ್ಲಿಲ್ಲ. ನನ್ನ ಹತ್ರಾನೇ ಇರ್ಲಿ ಅನಿಸ್ತು."

ಇಷ್ಟು ಹೇಳಿದರೆ ಅವಳು ಕರಗುತ್ತಾಳೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದ. ಅವಳು ಕರಗಲಿಲ್ಲ, ಸಿಟ್ಟಾದಳು.

"ಮುಕುಂದರಾವ್, ನನ್ನ ಫೋಟೋ ಎಂಟು ಸಲ ಮನೀಂದ ಹೋಗ್ಯದ. ಎಂಟು ಸಲಾನೂ ತಿರುಗಿ ಬಂದದ. ನಮ್ಮವ್ವ ಕವರಿನ ನಾಲ್ಕೂ ಮೂಲಿಗೆ ಅರಿಶಿಣ ಹಚ್ಚಿ ಕಳಸ್ತಾಳ. ವಾಪಸ್ ಬಂದಾಗ ಆ ಕವರ್ ನನ್ನ ಕಣ್ಣಿಗೆ ಬೀಳಬಾರದಂತ ಒಲಿಯಾಗ ಹಾಕ್ತಾಳ. ಆ ಎಂಟಕ್ಕೂ ನಾ ಅತ್ತಿಲ್ಲ. ಒಂಬತ್ತನೇದು ನಿಮ್ದು. ಅವತ್ತು ಬಸ್ಸಿನಾಗ ಕಮಲಾಪುರ ಬರೋತನ ಅತ್ತೀನಿ."

"ನನಗ ಗೊತ್ತಿರಲಿಲ್ಲ ಟೀಚರ್..."

"ಯಾಕ ಅತ್ತೆ ಗೊತ್ತದೇನು? ಆ ಒಂದು ಫೋಟೋದಾಗ ನಾ ಚಂದ ಕಾಣ್ತೀನಿ ಅಂತ ನನಗೇ ಅನ್ಸಿತ್ತು."

ಎಮ್ಮೆ ಚರ್ಮದವನಿಗೆ ಅಂದು ಮೊದಲ ಸಲ ರಿಜೆಕ್ಟ್ ಅನ್ನುವ ಮಾತು ಒಳಗೆ ನಾಟಿತು. ನಾಲ್ಕು ವರ್ಷದಲ್ಲಿ ಸಾವಿರ ಸಲ ತಾನು ಕೇಳಿ ಮರೆತ ಮಾತನ್ನು ಇವಳ ಮುಂದೆ ಬಿಸಾಕಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

"ನೀವಂದ್ರ ನನಗ ಜೀವ ಟೀಚರ್" ಎಂದ. "ಎರಡು ವರ್ಷದಿಂದ. ಹೇಳಾಕ ಧೈರ್ಯ ಇರಲಿಲ್ಲ. ನಿಮ್ಮ ಮನಿ ಬ್ಯಾರೆ, ನಮ್ಮ ಮನಿ ಬ್ಯಾರೆ. ಈ ಧಂಧೆ ನೋಡಿದ್ರ ದಿನಾ ಇಳೀತದ. ಏನಂತ ಕೇಳ್ಲಿ ನಿಮ್ಮನ್ನ?"

"ಇದನ್ನ ಹೇಳಾಕ ಹುಮನಾಬಾದದವ್ರು ಬರಬೇಕಾತೇನು?"

ಅವನು ತಲೆ ತಗ್ಗಿಸಿದ. ಅವನನ್ನೇ ನೋಡುತ್ತ ಅವಳು ಕೆಳತುಟಿ ಕಚ್ಚಿಕೊಂಡಳು. ಆದರೆ ಗುಳಿ ಬೀಳಲಿಲ್ಲ.

"ನಾಳಿ ಅವ್ರಿಗೆ ಬ್ಯಾಡ ಅಂತೀನಿ. ನಿಮ್ಮ ಸಲುವಾಗಿ ಅಲ್ಲ. ಸುಳ್ಳು ನಂಬಿ ಹೂಂ ಅಂದಿದ್ದೆ, ಅದಕ್ಕ. ಪಾಪ, ಆ ಮನುಷ್ಯಾಗೂ ಅದು ಮೋಸಾನೇ." ಉಸಿರೆಳೆದುಕೊಂಡಳು. "ನಿಮ್ಮ ಮಾತಿಗೆ ಮುಂದಿನ ಶನಿವಾರ ಉತ್ತರ ಕೊಡ್ತೀನಿ. ಮೊದ್ಲು ಆ ಫೋಟೋ ಕಳಸ್ರಿ."

"ಯಾಕ್ರೀ? ಈಗ ಯಾಕ?"

"ನಾ ಓದೇ ಸಹಿ ಮಾಡೀನಿ. ಲೋಕ ನೋಡ್ಲಿ ಅಂತ ಮಾಡೀನಿ. ಬಚ್ಚಿಟ್ಟು ಮಾಡೋ ಪ್ರೀತಿ ನನಗ ಬ್ಯಾಡ್ರಿ. ಎಂಟು ಮನ್ಯಾಗೂ ನನ್ನ ಬದ್ಲಿ ಬ್ಯಾರೆಯವ್ರೇ ಮಾತಾಡ್ಯಾರ. ನೀವೂ ಅದನ್ನೇ ಮಾಡೀರಿ."

ಅಂದು ಸಂಜೆಯೇ ಮುಕುಂದ ಆ ಫೋಟೋ ಕಳಿಸಿದ. ಬಟನ್ ಒತ್ತಿದ ಮೇಲೆ ಜ್ವರ ಬಂದವನ ಹಾಗೆ ಮನೆಗೆ ಹೋಗಿ ಮಲಗಿದ.

ಮುಂದಿನ ಶನಿವಾರ ಅವಳು ಬರುವ ಹೊತ್ತಿಗೆ ಏಜೆನ್ಸಿಯ ಮೇಲ್ ಬಂದು ಕೂತಿತ್ತು. ಅವನು ತೆರೆದಿರಲಿಲ್ಲ. ಜಯದೇವಿ ಬಂದು ತನ್ನ ಕುರ್ಚಿಯಲ್ಲಿ ಕುಳಿತು, ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

"ಮೇಲ್ ಬಂದದ್ರೀ" ಎಂದ.

"ಇರ್ಲಿ, ತಡೀರಿ. ಮೊದ್ಲು ನನ್ನ ಮಾತು ಕೇಳ್ರಿ. ಅದನ್ನ ನೋಡಿ ಹೇಳ್ದೆ ಅಂತ ಆಗಬಾರದು." ಕೈ ಮಡಿಲಲ್ಲಿಟ್ಟುಕೊಂಡಳು. "ಹುಮನಾಬಾದದವ್ರು ಬಂದು ಹೋದ್ರು. ಆಮ್ಯಾಲ ಅವ್ವಗ ನಿಮ್ಮ ಹೆಸರು ಹೇಳ್ದೆ. ಎರಡು ದಿನ ಅತ್ತಳು. ಮೂರನೇ ದಿನ, 'ಆ ಆಚಾರ್ರ ಹುಡುಗ ನಮ್ಮ ಮನ್ಯಾಗ ಉಣತಾನೇನು?' ಅಂದ್ಳು."

"ನೀವೇನಂದ್ರಿ?"

"ಅವ ಉಣ್ಣಾಕ ಕಾಯಾಕತ್ಯಾನ ಅಂದೆ."

ಕೌಂಟರಿನಲ್ಲಿದ್ದ ಇಮಾಮುದ್ದೀನ್ ಇದ್ದಕ್ಕಿದ್ದಂತೆ ಹೊರಗೆ ಹೋಗಿ ಬೋರ್ಡು ಒರೆಸತೊಡಗಿದ.

"ನಿಮ್ಮ ಆಯಿಗೆ ಹೇಳೀರೇನು?" ಎಂದು ಅವನ ತಾಯಿಯ ಬಗ್ಗೆ ಕೇಳಿದಳು. ಈ ಸಲ ಭಯ ಅವಳ ಕಣ್ಣಲ್ಲಿತ್ತು.

"ಗುರುವಾರ ಹೇಳ್ದೆ. ಅವತ್ತಿನಿಂದ ನನ್ನ ಕೂಡ ಮಾತಿಲ್ಲ. ಇವತ್ತು ಮುಂಜಾನಿ ಚಹಾ ಇಟ್ಟು ಹೋಗ್ವಾಗ, 'ಆಕೀ ಹೆಸರೇನು' ಅಂದ್ಳು. ಜಯದೇವಿ ಅಂದೆ."

ಟೀಚರ್ ಅನ್ನದೆ ಅವನು ಆ ಹೆಸರು ಹೇಳಿದ್ದು ಅದೇ ಮೊದಲು. ಅವಳು ಕೆಳತುಟಿ ಕಚ್ಚಿದಳು, ಗಲ್ಲದಲ್ಲಿ ಗುಳಿ ಬಿತ್ತು. ಅವನ ಎದೆಯ ಮೇಲಿಂದ ನಾಲ್ಕು ವಾರದ ಭಾರ ಇಳಿಯಿತು.

"ಈಗ ತೆಗೀರಿ" ಎಂದಳು.

ತೆಗೆದ. ಅವಳೇ ಕ್ಲಾಸಿನಲ್ಲಿ ಪಾಠ ಓದುವ ಧ್ವನಿಯಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ನಿಮ್ಮ ಚಿತ್ರ ನೋಡಿದೆವು. ಸ್ವೀಕರಿಸಲು ಸಾಧ್ಯವಿಲ್ಲ. ಇಂಥವು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ.

ಮುಕುಂದ ಕುರ್ಚಿ ಬಿಟ್ಟು ಎದ್ದೇಬಿಟ್ಟ. "ಇಂಥವು ಇವೆ ಅಂತ? ಎಲ್ಲ್ಯಾವ? ತೋರಿಸ್ಲಿ ಒಂದು! ಕಣ್ಣದಾವೇನು ಇವ್ರಿಗೆ?" ಸಾವಿರ ರಿಜೆಕ್ಟಿಗೆ ಏರದ ಧ್ವನಿ ಕೆಫೆ ತುಂಬಿತು, ಅವನ ಕಣ್ಣಲ್ಲಿ ನೀರೂ ಬಂತು.

ಜಯದೇವಿ ಅವನನ್ನು ನೋಡಿ ಮೊದಲು ಸಣ್ಣಗೆ, ಆಮೇಲೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳದೆ ನಕ್ಕಳು. ಅವನ ತೋಳು ಹಿಡಿದು ಕೂಡಿಸಿದಳು. ಹಿಡಿದ ಕೈ ಬಿಡಲಿಲ್ಲ.

"ಇನ್ನೂ ಒಂಬತ್ತು ಏಜೆನ್ಸಿ ಅದಾವಲ್ಲ" ಎಂದಳು. "ಎಲ್ಲಾರಿಗೂ ಕಳಸ್ರಿ. ಅದು ಬೇಕಾದಲ್ಲಿ ತಿರುಗಾಡ್ಲಿ. ನಾ ಇಲ್ಲೇ ಇರ್ತೀನಿ."