ಬೇಡ ಅಂದವನ ಮದುವೆ

ಮದುವೆ ಬೇಡ ಎಂದು ಅವನು ಹೇಳಿದ್ದು ಅವಳ ಕನ್ನಡಕದಂಗಡಿಯ ಕೌಂಟರಿನ ಮುಂದೆ ನಿಂತು, ಅದೂ ಗಿರಾಕಿಯೊಬ್ಬರು ಕನ್ನಡಿ ನೋಡಿಕೊಂಡು ಫ್ರೇಮ್ ಆರಿಸುತ್ತಿದ್ದಾಗ.

"ನನ್ನಿಂದ ಆಗಲ್ಲ. ತಪ್ಪು ನಿಮ್ದಲ್ಲ," ಎಂದವನು ಅವಳ ಮುಖ ಕೂಡ ನೋಡದೆ ಹೊರಟುಹೋದ.

ಅವಳು ಗಿರಾಕಿಯ ಕಿವಿಗೆ ಫ್ರೇಮ್ ಸರಿಯಾಗಿ ಕೂರಿಸಿ, ನಗುನಗುತ್ತಲೇ ಕಳಿಸಿಕೊಟ್ಟಳು. ಆಮೇಲೆ ಸ್ಟೂಲಿನ ಮೇಲೆ ಕುಸಿದಳು.

ಮೊದಲ ಮದುವೆ ಮುರಿದ ಮೇಲೆ ಇನ್ನು ಯಾರ ಗೊಡವೆಯೂ ಬೇಡವೆಂದು ಇದ್ದವಳು ಅವಳು. ಆದರೆ ಅಂಗಡಿಯ ಕಟ್ಟಡದ ಲಿಫ್ಟು ಅವಳನ್ನು ಒಳಗಿಟ್ಟುಕೊಂಡೇ ಒಂದು ದಿನ ಕೆಟ್ಟು ನಿಂತಿತು. "ಹೆದರ್ಬೇಡಿ ಮೇಡಂ, ನಾನಿದೀನಿ" ಎಂದು ಬಾಗಿಲ ಸಂದಿಯಿಂದ ಬಂದ ಆ ದನಿ ಎದೆಯೊಳಗೆ ಇಳಿದು ಕೂತುಬಿಟ್ಟಿತು. ಹೆಂಡತಿಯನ್ನು ಕಳೆದುಕೊಂಡಿದ್ದ ಲಿಫ್ಟ್ ಮೆಕ್ಯಾನಿಕ್ ಅವನು. ಆಮೇಲೆ ಆ ಲಿಫ್ಟಿಗೆ ಅದೆಷ್ಟು ರಿಪೇರಿ ಬಂತೋ, ದೇವರೇ ಬಲ್ಲ. ಗಾಜಿನ ಬಾಗಿಲಿನಾಚೆ ಅವನ ಕಣ್ಣು ಅವಳನ್ನು ಹುಡುಕುತ್ತಿತ್ತು. ಅವಳು ನೋಡಿಯೂ ನೋಡದಂತೆ ಲೆನ್ಸ್ ಒರೆಸುತ್ತಿದ್ದಳು. ಕೊನೆಗೊಮ್ಮೆ ಕಣ್ಣು ಪರೀಕ್ಷೆ ಮಾಡಿಸಲೆಂದು ಒಳಗೇ ಬಂದ.

"ನಿಮ್ ಕಣ್ಣು ಸರಿಯಾಗೇ ಇದೆಯಲ್ರೀ," ಎಂದಳು.

"ಅದಕ್ಕೇ ತಾನೆ ದಿನಾ ಇಲ್ಲಿಗೇ ನೋಡ್ತಿರೋದು?"

ಅವನ ಅಕ್ಕನೇ ಮುಂದೆ ನಿಂತು ಮದುವೆ ಮಾತು ಮುಗಿಸಿ ದಿನ ಗೊತ್ತುಮಾಡಿದ್ದಳು. ಈಗ ಆ ಅಕ್ಕನೇ ಫೋನ್ ಮಾಡಿ ಗೋಳಾಡಿದಳು. "ನನ್ ಹತ್ರಾನೂ ಬಾಯಿ ಬಿಡ್ತಿಲ್ಲ ಕಣಮ್ಮ. ಊಟ ಬಿಟ್ಟು ವರ್ಕ್‌ಶಾಪಿನ ಮೂಲೆ ಹಿಡಿದಿದಾನೆ. ನೀನೇ ಹೋಗಿ ಕೇಳು."

ಅವಳು ಅವನ ವರ್ಕ್‌ಶಾಪಿಗೆ ನೇರವಾಗಿ ನಡೆದಳು. ಅವನು ಬೆನ್ನು ತಿರುಗಿಸಿ ಸ್ಪ್ಯಾನರ್ ಒರೆಸುತ್ತಿದ್ದ.

"ಬೇರೆ ಯಾರಾದ್ರೂ ಇದಾರಾ?"

"ಛೇ, ಇಲ್ಲ."

"ನಾನೇ ಸಾಕಾದ್ನಾ?"

ಅವನು ತಟ್ಟನೆ ತಿರುಗಿದ. ಕಣ್ಣು ಕೆಂಪಾಗಿತ್ತು. "ಹೇಗೆ ಹೇಳ್ಲಿ ನಿಮಗೆ... ಗುಪ್ತಾಂಗದಲ್ಲಿ ಗಟ್ಟಿ ಗಂಟೊಂದು ಆಗಿದೆ. ಉದ್ರೇಕ ಆದ್ರೆ ಒಂದು ಕಡೆಗೆ ಬಾಗುತ್ತೆ, ಜೀವ ಹೋಗೋ ಹಾಗೆ ನೋಯುತ್ತೆ. ಕ್ಯಾನ್ಸರ್ರೋ ಏನೋ. ಇಂಥವನನ್ನ ಕಟ್ಕೊಂಡು ನೀವೇನು ಸುಖಪಡ್ತೀರ?"

ತನ್ನನ್ನು ಅವನು ಬಿಟ್ಟಿರಲಿಲ್ಲ. ಅಷ್ಟು ತಿಳಿದದ್ದೇ ಅವಳಿಗೆ ಹೋದ ಉಸಿರು ಬಂದಂತಾಯಿತು. ಬೆನ್ನಿಗೇ ಸಿಟ್ಟೂ ಬಂತು.

"ಡಾಕ್ಟರಿಗೆ ತೋರಿಸಿದ್ರಾ?"

"ನಾಚಿಕೆ."

"ಲಿಫ್ಟ್ ಕೊಂಚ ಸದ್ದು ಮಾಡಿದ್ರೂ ಓಡ್ತೀರ. ನಿಮಗೇ ನೋವಾದ್ರೆ ಮುಚ್ಚಿಡ್ತೀರ. ಹೊರಡಿ, ಶರ್ಟು ಬದಲಾಯಿಸ್ಕೊಳ್ಳಿ."

ಮೂತ್ರರೋಗ ತಜ್ಞರಿಗೆ ವಯಸ್ಸಾಗಿತ್ತು, ಅವಸರವಿರಲಿಲ್ಲ. ಪರೀಕ್ಷೆ ಮುಗಿಸಿ ಇಬ್ಬರನ್ನೂ ಎದುರು ಕೂರಿಸಿಕೊಂಡರು.

"ಇದಕ್ಕೆ ಪೆರೋನೀಸ್ ಕಾಯಿಲೆ ಅಂತಾರೆ. ಶಿಶ್ನದ ಒಳಪೊರೆಯಲ್ಲಿ ಗಾಯದ ಕಲೆ ಥರ ಗಟ್ಟಿ ಆಗುತ್ತೆ. ಬಲೂನಿನ ಒಂದು ಮಗ್ಗುಲಿಗೆ ಟೇಪ್ ಅಂಟಿಸಿ ಊದಿದ್ರೆ ಏನಾಗುತ್ತೆ? ಆ ಕಡೆ ಹಿಗ್ಗಲ್ಲ, ಬಾಗುತ್ತೆ. ಇದೂ ಅಷ್ಟೇ. ಕ್ಯಾನ್ಸರ್ ಅಲ್ಲ, ಅಂಟುರೋಗ ಅಲ್ಲ. ನಿಮ್ಮ ವಯಸ್ಸಿನ ಎಷ್ಟೋ ಗಂಡಸರಿಗೆ ಬರುತ್ತೆ, ಹೇಳ್ಕೊಳ್ಳಲ್ಲ ಅಷ್ಟೇ."

"ಹೋಗುತ್ತಾ ಡಾಕ್ಟ್ರೇ?" ಎಂದ ಅವನು ಕುರ್ಚಿಯ ತುದಿಗೆ ಸರಿದು.

"ನೋವು ಸಾಮಾನ್ಯವಾಗಿ ತಾನೇ ಇಳಿಯುತ್ತೆ. ಬಾಗೋದು ಒಂದು ಹಂತಕ್ಕೆ ಬಂದು ನಿಂತ್ಮೇಲೆ ಇಂಜೆಕ್ಷನ್ ಇದೆ, ಎಳೆದು ಹಿಡಿಯೋ ಸಾಧನ ಇದೆ. ಸಾಲದೇ ಹೋದ್ರೆ ಆಪರೇಷನ್. ತಾಳ್ಮೆ ಬೇಕು."

ಹೊರಗೆ ಮೆಟ್ಟಿಲಿಳಿಯುವಾಗ ಅವನು, "ಸರಿ, ವಾಸಿ ಆದ್ಮೇಲೆ ಮದುವೆ," ಎಂದ.

"ಮದುವೆ ಮೊದಲು. ವಾಸಿ ಮಾಡ್ಕೊಳ್ಳೋದು ಇಬ್ಬರೂ ಸೇರಿ."

"ಅಲ್ಲಿವರೆಗೂ ನಾನು ಏನೂ..."

"ಕೈ ಹಿಡಿಯೋಕೆ ಬರುತ್ತಾ?"

ಅವನು ಕೈ ಹಿಡಿದ. ರಸ್ತೆ ದಾಟಿದರೂ ಬಿಡಲಿಲ್ಲ.

ಗೊತ್ತುಮಾಡಿದ್ದ ದಿನವೇ ಮದುವೆ ನಡೆಯಿತು. ಕೆಲವು ತಿಂಗಳಲ್ಲಿ ನೋವು ಇಳಿದು, ಬಾಗುವುದು ಒಂದು ಹಂತಕ್ಕೆ ನಿಂತ ಮೇಲೆ ಇಂಜೆಕ್ಷನ್ ಶುರುವಾಯಿತು. ಚುಚ್ಚಿಸಿಕೊಂಡ ಜಾಗ ಊದಿದಾಗ ಅವನು ಮುಖ ಊದಿಸಿಕೊಂಡು ಕೂರುತ್ತಿದ್ದ. "ಎಲ್ಲಿ ಎಲ್ಲಿ ಊದಿದೆ ಅಂತ ಡಾಕ್ಟರಿಗೆ ಹೇಳ್ಬೇಕಲ್ಲ, ಮುಖಾನೂ ಸೇರಿಸ್ಲಾ?" ಎಂದು ಅವಳು ಕೀಟಲೆ ಮಾಡುತ್ತಿದ್ದಳು. ಒಮ್ಮೊಮ್ಮೆ ಅವನು ಬೇಸತ್ತು ಸಾಧನವನ್ನು ಮೂಲೆಗೆಸೆಯುತ್ತಿದ್ದ. ಅವಳು ಅದನ್ನು ಎತ್ತಿಟ್ಟು ಅವನ ತಲೆ ಮಡಿಲಿಗೆಳೆದುಕೊಳ್ಳುತ್ತಿದ್ದಳು. ಬಾಗು ಮೆಲ್ಲಮೆಲ್ಲನೆ ಕಡಿಮೆಯಾಗುತ್ತ ಬಂತು.

ಇನ್ನು ಚಿಂತೆಯಿಲ್ಲ, ಹೆದರದೆ ಬಾಳಿ ಎಂದು ಡಾಕ್ಟರು ಹೇಳಿ ಕಳಿಸಿದ ದಿನ, ಮಟಮಟ ಮಧ್ಯಾಹ್ನ, ಅವಳು ಮನೆಯ ಪರದೆ ಎಳೆದಳು. ತೆಳು ಬಟ್ಟೆಯಿಂದ ಬಿಸಿಲು ಜಿನುಗಿ ಅವನ ಭುಜವೆಲ್ಲ ಹೊಂಬಣ್ಣವಾಗಿತ್ತು.

"ಇನ್ನೂ ಚೂರು ಬಾಗೇ ಇದೆ," ಎಂದ ಪಿಸುಮಾತಿನಲ್ಲಿ.

"ಯಾವ ಕಡೆಗೆ?"

"ಎಡಕ್ಕೆ."

"ಹಾಗಾದ್ರೆ ನಾನು ಎಡಕ್ಕೆ ಸರೀತೀನಿ," ಎಂದು ಸರಿದೇಬಿಟ್ಟಳು.

ಮೊದಲು ನಕ್ಕವನು ಅವನೇ. ಆಮೇಲೆ ನಗು ನಿಂತು, ಮಾತು ನಿಂತು, ಇಬ್ಬರ ಉಸಿರಷ್ಟೇ ಉಳಿಯಿತು. ನೋಯಲಿಲ್ಲ. ಎಲ್ಲಿಯೂ ನೋಯಲಿಲ್ಲ.

ಬಿಸಿಲು ಗೋಡೆಯ ಮೇಲೆ ಬಹಳ ದೂರ ಸರಿದಿದ್ದಾಗ ಅವಳ ಫೋನು ಬಡಿದುಕೊಂಡಿತು. ಅಕ್ಕ.

"ಡಾಕ್ಟರು ಏನಂದ್ರು? ಅವನು ಹೇಗಿದಾನೆ?"

ಅವಳು ಪಕ್ಕಕ್ಕೆ ನೋಡಿದಳು. ಮೈ ಚಾಚಿ, ಬಾಯಿ ಅರೆ ತೆರೆದು, ಜಗತ್ತನ್ನೇ ಗೆದ್ದವನಂತೆ ಗೊರಕೆ ಹೊಡೆಯುತ್ತಿದ್ದ.

"ಚೆನ್ನಾಗಿದಾರೆ ಅಕ್ಕ," ಎಂದಳು. "ನಾನೂ ಚೆನ್ನಾಗಿದೀನಿ."